ಚಾರಣ ಪ್ರಶ್ನೋತ್ತರ: ದವನದ ಬಂಧುವಿನ ಬೀಡಿನಲ್ಲಿ ಅರ್ಧ ದಿನ

ಯುಗಾದಿ ಕಳೆದು ಬೇಸಿಗೆ ರಜೆ ಹತ್ತಿರವಾದಂತೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಸೂಟ್‌ಕೇಸ್ ಕೆಳಗಿಳಿಯುತ್ತದೆ. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಮಕ್ಕಳ ಮನೆಗೆ ಹೊರಟವರ ಪತ್ರಗಳೇ ಈ ಸಲ ಹೆಚ್ಚು ಬಂದಿವೆ. ಬಹುತೇಕರು ಕೇಳಿರುವುದು ವಾಷಿಂಗ್ಟನ್ ರಾಜ್ಯದ ಒಣಸೀಮೆಯ ಕಮರಿಗಳಲ್ಲಿ ವಸಂತಕಾಲದ ಸಣ್ಣ ನಡಿಗೆಯ ಬಗ್ಗೆ. ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಊರಲ್ಲೇ ಉಳಿಯುವವರ ಪ್ರಶ್ನೆ ಕೊನೆಯಲ್ಲಿದೆ.

ಪ್ರಶ್ನೆ: ಸಿಯಾಟಲ್‌ನಲ್ಲಿರುವ ಮಗಳು ಏಪ್ರಿಲ್ ಕೊನೆಯ ವಾರ ಉಮ್ಟೇನಮ್ ಕಮರಿಗೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದಾಳೆ. ನಾವಿಬ್ಬರೂ ಅರವತ್ತು ದಾಟಿದವರು. ಸಿಯಾಟಲ್ ಎಂದರೆ ಮಳೆ, ದಟ್ಟ ಕಾಡು ಎಂದು ಕೇಳಿದ್ದೆವು. ಅವಳು ಕಳಿಸಿದ ಚಿತ್ರದಲ್ಲಿ ಬರೀ ಬೂದು ಪೊದೆಗಳಿವೆ. ನಮ್ಮ ಕೈಲಾಗುತ್ತದೆಯೇ? (ಜಯನಗರದ ಓದುಗರು)

ಉತ್ತರ: ಖಂಡಿತ ಆಗುತ್ತದೆ. ಮಗಳು ಆರಿಸಿರುವ ಕಾಲವೂ ಸರಿಯಾಗಿದೆ.

ಆಗುಂಬೆಯಲ್ಲಿ ಸುರಿಯುವ ಮಳೆ ಚಳ್ಳಕೆರೆಗೆ ಏಕೆ ಬರುವುದಿಲ್ಲವೋ ಅದೇ ಕಾರಣ ಅಲ್ಲಿಯೂ ಇದೆ. ನಮಗೆ ಸಹ್ಯಾದ್ರಿ ಅಡ್ಡ ನಿಂತಂತೆ ಅಲ್ಲಿ ಕ್ಯಾಸ್ಕೇಡ್ ಪರ್ವತ ಸಾಲು ಅಡ್ಡ ನಿಂತಿದೆ. ಸಮುದ್ರದ ಕಡೆಯಿಂದ ಬರುವ ಮೋಡ ಪಶ್ಚಿಮದ ಇಳಿಜಾರಿನಲ್ಲೇ ಬರಿದಾಗುತ್ತದೆ. ಸಿಯಾಟಲ್‌ಗೆ ವರ್ಷಕ್ಕೆ 95 ಸೆಂ.ಮೀ. ಆಸುಪಾಸಿನಲ್ಲಿ ಮಳೆ ಬಿದ್ದರೆ, ಪರ್ವತದ ಆಚೆಗಿರುವ ಎಲೆನ್ಸ್‌ಬರ್ಗ್‌ಗೆ ಸಿಗುವುದು 25 ಸೆಂ.ಮೀ.ಗೂ ಕಡಿಮೆ. ಅದೂ ಹೆಚ್ಚಾಗಿ ಚಳಿಗಾಲದ ಮಳೆಯಾಗಿ, ಹಿಮವಾಗಿ. ಆ ಹಿಮ ಕರಗಿ ಮಣ್ಣಲ್ಲಿ ತೇವ ಇರುವಷ್ಟು ದಿನ ಮಾತ್ರ ಹೂವು, ಹುಲ್ಲು, ಹಕ್ಕಿಗಳ ಸಂಭ್ರಮ. ಏಪ್ರಿಲ್ ಮೊದಲ ವಾರದಿಂದ ಮೇ ಮಧ್ಯದವರೆಗೆ, ಅಂದರೆ ಸುಮಾರು ಆರು ವಾರ. ಜೂನ್ ಬಂತೆಂದರೆ ಹುಲ್ಲೆಲ್ಲ ಒಣಗಿ ಬೆಂಕಿಯ ಭಯ ಶುರುವಾಗುತ್ತದೆ.

ಸಿಯಾಟಲ್‌ನಿಂದ ಐ-90 ಹೆದ್ದಾರಿಯಲ್ಲಿ ಎಲೆನ್ಸ್‌ಬರ್ಗ್‌ಗೆ ಸುಮಾರು 175 ಕಿ.ಮೀ. ಅಲ್ಲಿಂದ ದಕ್ಷಿಣಕ್ಕೆ, ಯಾಕಿಮಾ ನದಿಯ ಪಕ್ಕದಲ್ಲೇ ಬಳಸಿಕೊಂಡು ಹೋಗುವ 821ನೇ ರಾಜ್ಯ ರಸ್ತೆಯಲ್ಲಿ ಇನ್ನೊಂದು 20 ಕಿ.ಮೀ. ದಾರಿಯಲ್ಲಿ ಸಿಗುವ ಸ್ನೋಕ್ವಾಲ್ಮಿ ಘಾಟಿ 3,022 ಅಡಿ ಎತ್ತರದಲ್ಲಿದೆ. ಏಪ್ರಿಲ್‌ನಲ್ಲೂ ಅಲ್ಲಿ ಹಿಮ ಬೀಳುವುದುಂಟು, ಆದ್ದರಿಂದ ಹಿಂದಿನ ರಾತ್ರಿ ರಸ್ತೆ ಇಲಾಖೆಯ ಪ್ರಕಟಣೆ ನೋಡಿಕೊಂಡೇ ಹೊರಡಲಿ. ಕಾರು ನಿಲ್ಲಿಸುವ ಜಾಗ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯದು. ಶುಲ್ಕ ಇದೆ, ಚಿಲ್ಲರೆ ಡಾಲರ್ ನೋಟು ಇಟ್ಟುಕೊಳ್ಳಿ.

ನಡಿಗೆ ಶುರುವಾಗುವುದು ನದಿಯ ಮೇಲಿನ ತೂಗುಸೇತುವೆಯಿಂದ. ದಾಟಿದ ಕೂಡಲೇ ರೈಲು ಹಳಿ ಸಿಗುತ್ತದೆ. ಗೂಡ್ಸ್ ರೈಲು ಓಡಾಡುವ ಹಳಿ, ತಿರುವಿನಲ್ಲಿ ಸದ್ದು ಕೇಳಿಸುವ ಮೊದಲೇ ಹತ್ತಿರ ಬಂದುಬಿಡುತ್ತದೆ. ನಿಂತು ಎರಡೂ ಕಡೆ ನೋಡಿ ದಾಟಿ. ಆಮೇಲೆ ದಾರಿ ಕವಲೊಡೆಯುತ್ತದೆ. ಒಂದು ನೆಟ್ಟಗೆ ಗುಡ್ಡದ ನೆತ್ತಿಗೆ ಏರುತ್ತದೆ, ಅದು ನಿಮಗೆ ಬೇಡ. ಇನ್ನೊಂದು ಉಮ್ಟೇನಮ್ ತೊರೆಯ ಪಕ್ಕ ಕಮರಿಯ ಒಳಕ್ಕೆ ಹೋಗುತ್ತದೆ. ಏರು ಬಹಳ ನಿಧಾನ. ಎರಡೂವರೆ ಕಿಲೋಮೀಟರ್ ಒಳಗೆ ಹೋಗಿ ತಿರುಗಿ ಬಂದರೆ ಐದು ಕಿಲೋಮೀಟರ್ ಆಯಿತು. ನಿಂತು ನೋಡುತ್ತಾ ನಡೆದರೆ ಮೂರು ಗಂಟೆ. ಅದಕ್ಕಿಂತ ದೂರ ಹೋದವರು ಹೆಚ್ಚು ನೋಡುತ್ತಾರೆ ಎಂದೇನಿಲ್ಲ. ಮೊದಲ ಎರಡು ಕಿಲೋಮೀಟರ್‌ನಲ್ಲೇ ಬಂಡೆಗೋಡೆ, ತೊರೆ, ಬೂದು ಬಯಲು ಮೂರೂ ಒಟ್ಟಿಗೆ ಸಿಗುತ್ತವೆ, ಜೀವಿಗಳೂ ಅಲ್ಲೇ.

ಆ ಹೊತ್ತಿಗೆ ಅಲ್ಲಿ ಸೂರ್ಯೋದಯ ಬೆಳಿಗ್ಗೆ ಆರರ ಸುಮಾರಿಗೆ, ಸೂರ್ಯಾಸ್ತ ರಾತ್ರಿ ಎಂಟಕ್ಕೆ. ಏಳೂವರೆಗೆ ಸೇತುವೆಯ ಬಳಿ ಇರುವಂತೆ ನೋಡಿಕೊಳ್ಳಿ. ಬೆಳಿಗ್ಗೆ ಮೂರ್ನಾಲ್ಕು ಡಿಗ್ರಿ ಚಳಿ, ಮಧ್ಯಾಹ್ನ ಇಪ್ಪತ್ತರ ಮೇಲೆ ಬಿಸಿಲು ಎರಡೂ ಒಂದೇ ದಿನ ಸಿಗಬಹುದು. ಒಂದರ ಮೇಲೊಂದು ತೆಳು ಬಟ್ಟೆ ಹಾಕಿ, ಬೆಚ್ಚಗಾದಂತೆ ಬಿಚ್ಚುತ್ತಾ ಹೋಗಿ. ತಲೆಗೆ ಅಂಚಿರುವ ಟೋಪಿ ಬೇಕೇ ಬೇಕು, ನೆರಳು ಕೊಡುವ ಮರ ತೊರೆಯ ಪಕ್ಕದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ನೀರು ತಲಾ ಎರಡು ಲೀಟರ್. ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಆರಿಹೋಗಿರುತ್ತದೆ. ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಬೇಡಿ. ಜಿಯಾರ್ಡಿಯಾ ಎಂಬ ಪರೋಪಜೀವಿ ಹೊಟ್ಟೆ ಸೇರಿದರೆ ಒಂದೆರಡು ವಾರದ ನಂತರ ಭೇದಿ ಶುರುವಾಗುತ್ತದೆ.

ಪ್ರಶ್ನೆ: ಹೋದ ವರ್ಷ ಹೋದಾಗ ಆ ಬೂದು ಗಿಡದ ಎಲೆ ಉಜ್ಜಿ ಮೂಸಿದೆ. ಥೇಟ್ ದವನದ ನೆನಪಾಯಿತು. ಏನು ಸಂಬಂಧ? ಒಣಗಿಸಿ ತಂದರೆ ಗಣೇಶನ ಹಬ್ಬಕ್ಕೆ ಮಾಚಿಪತ್ರೆಯ ಬದಲು ಏರಿಸಬಹುದೇ? (ಮಲ್ಲೇಶ್ವರದ ಓದುಗರು)

ಉತ್ತರ: ನಿಮ್ಮ ಮೂಗು ಸರಿಯಾಗಿ ಗುರುತಿಸಿದೆ. ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಹಾರಕ್ಕೆ ಸೇರಿಸುವ ದವನ, ಗಣಪತಿಯ ಇಪ್ಪತ್ತೊಂದು ಪತ್ರೆಗಳಲ್ಲಿ ಒಂದಾದ ಮಾಚಿಪತ್ರೆ, ನೀವು ಮೂಸಿದ ಅಮೆರಿಕದ ಸೇಜ್‌ಬ್ರಷ್ ಮೂರೂ ಆರ್ಟಿಮೀಸಿಯ ಎಂಬ ಒಂದೇ ಕುಲದವು. ದವನ ಆರ್ಟಿಮೀಸಿಯ ಪ್ಯಾಲೆನ್ಸ್, ಸೇಜ್‌ಬ್ರಷ್ ಆರ್ಟಿಮೀಸಿಯ ಟ್ರೈಡೆಂಟೇಟ. ಟ್ರೈಡೆಂಟೇಟ ಎಂದರೆ ಮೂರು ಹಲ್ಲಿನದು. ಒಂದು ಎಲೆ ಅಂಗೈಯಲ್ಲಿಟ್ಟು ನೋಡಿ: ಬುಡ ಕಿರಿದು, ತುದಿ ಅಗಲ, ತುದಿಯಲ್ಲಿ ಮೂರು ಸಣ್ಣ ಹಲ್ಲು. ಮೇಲೆಲ್ಲ ವಿಭೂತಿ ಬಳಿದಂತೆ ಬೆಳ್ಳಿ ಬಣ್ಣದ ನಯವಾದ ರೋಮ. ಆ ರೋಮವೇ ಬಿಸಿಲನ್ನು ಹಿಂದಕ್ಕೆ ಎಸೆದು ಎಲೆಯ ತೇವ ಕಾಯುತ್ತದೆ. ಮಳೆ ಹನಿದ ಮೇಲೆ ಕರ್ಪೂರದಂಥ ಘಾಟು ಇಡೀ ಕಮರಿ ತುಂಬುತ್ತದೆ.

ಬೇರಿನ ಕೆಲಸ ಇನ್ನೂ ಸೊಗಸು. ಮೇಲ್ಮಣ್ಣಿನಲ್ಲಿ ಹರಡಿಕೊಂಡ ಬೇರು ಒಂದು ತರಹ, ಆಳಕ್ಕೆ ಇಳಿದ ತಾಯಿಬೇರು ಇನ್ನೊಂದು ತರಹ. ರಾತ್ರಿ ಎಲೆಗಳು ಉಸಿರು ಬಿಗಿಹಿಡಿದಾಗ ತಾಯಿಬೇರು ಎಳೆದ ನೀರು ಮೇಲಿನ ಬೇರುಗಳಿಂದ ಒಣಮಣ್ಣಿಗೆ ಜಿನುಗುತ್ತದೆ. ಸುತ್ತಲಿನ ಹುಲ್ಲು, ಹೂಗಿಡಗಳಿಗೂ ಅದರಲ್ಲಿ ಪಾಲು ಸಿಗುತ್ತದೆ. ಒಂದು ಪೊದೆ ಕಿತ್ತರೆ ಅದರ ಆಸರೆಯಲ್ಲಿದ್ದ ಹತ್ತು ಸಸಿಗೂ ಏಟು ಬೀಳುತ್ತದೆ. ಅಷ್ಟಲ್ಲದೆ, ಬೆಂಕಿ ಬಿದ್ದರೆ ಈ ಗಿಡ ನಮ್ಮ ಲಂಟಾನದಂತೆ ಬುಡದಿಂದ ಚಿಗುರುವುದಿಲ್ಲ, ಸತ್ತೇ ಹೋಗುತ್ತದೆ. ಮತ್ತೆ ಬೀಜದಿಂದಲೇ ಮೇಲೆ ಬರಬೇಕು.

ತರುವ ಯೋಚನೆ ಬಿಡಿ. ಸಸ್ಯಭಾಗಗಳನ್ನು ಭಾರತಕ್ಕೆ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಚೀಲದಲ್ಲಿ ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ವಶಪಡಿಸಿಕೊಳ್ಳುತ್ತಾರೆ. ಕಷಾಯ ಮಾಡಿ ಕುಡಿಯುವುದಂತೂ ಬೇಡವೇ ಬೇಡ. ಅಡುಗೆಗೆ ಹಾಕುವ ಸೇಜ್ ಬೇರೆ ಗಿಡ, ತುಳಸಿಯ ಬಳಗದ್ದು. ಹಬ್ಬಕ್ಕೆ ನಮ್ಮ ಮಾಚಿಪತ್ರೆ ಗಾಂಧಿಬಜಾರಿನಲ್ಲಿ ಸಿಕ್ಕೇ ಸಿಗುತ್ತದೆ.

ಪ್ರಶ್ನೆ: ರ‍್ಯಾಟಲ್‌ಸ್ನೇಕ್ ಎಂಬ, ಬಾಲ ಅಲ್ಲಾಡಿಸಿ ಸದ್ದು ಮಾಡುವ ಹಾವು ಇದೆಯಂತೆ. ಮನೆಯವರು ಅದೊಂದೇ ಕಾರಣಕ್ಕೆ ಬರುವುದಿಲ್ಲ ಎಂದು ಹಟ ಹಿಡಿದಿದ್ದಾರೆ. (ವಿಜಯನಗರದ ಓದುಗರು)

ಉತ್ತರ: ಇರುವುದು ನಿಜ. ಆದರೆ ಪೂರ್ವ ವಾಷಿಂಗ್ಟನ್‌ನಲ್ಲಿರುವ ಹಾವುಗಳಲ್ಲಿ ಮನುಷ್ಯರಿಗೆ ಅಪಾಯ ತರುವಷ್ಟು ವಿಷ ಇರುವುದು ಅದೊಂದಕ್ಕೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕೂ ಇರುವ ನಾಡಿನಲ್ಲಿ ಹುಟ್ಟಿ ಬೆಳೆದವರು ಅದಕ್ಕೆ ಹೆದರಿ ಕೂರಬೇಕಿಲ್ಲ, ಅದರ ದಿನಚರಿ ತಿಳಿದುಕೊಂಡರೆ ಸಾಕು.

ಚಳಿಗಾಲವನ್ನು ಅವು ಬಂಡೆಯ ಬಿರುಕಿನಲ್ಲಿ ಹತ್ತಾರು ಒಟ್ಟಾಗಿ ಕಳೆಯುತ್ತವೆ. ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಹೊರಬಂದು ಬಿಲದ ಹತ್ತಿರವೇ, ದಕ್ಷಿಣಕ್ಕೆ ಮುಖ ಮಾಡಿದ ಬಿಸಿ ಕಲ್ಲುಗಳ ಮೇಲೆ ಮೈ ಕಾಯಿಸಿಕೊಳ್ಳುತ್ತವೆ. ಅಂದರೆ ನಿಮ್ಮ ಕಾಲದಲ್ಲಿ ಅವು ಹೆಚ್ಚಾಗಿ ಇರುವುದು ಕಲ್ಲು ರಾಶಿಯಲ್ಲಿ, ಬಿಸಿಲೇರಿದ ಮೇಲೆ. ಸವೆದ ದಾರಿಯ ನಡುವಿನಲ್ಲೇ ನಡೆಯುವವರಿಗೆ ಅಪಾಯ ಬಹಳ ಕಡಿಮೆ.

ತಪ್ಪಾಗುವುದು ಕೈಯಿಂದ. ಹತ್ತುವಾಗ ಕಣ್ಣಿಗೆ ಕಾಣದ ಬಂಡೆಯಂಚಿನ ಮೇಲೆ ಕೈಯಿಡುವುದು, ನೋಡದೆ ಕಲ್ಲಿನ ಮೇಲೆ ಕೂರುವುದು, ದಾರಿಗೆ ಅಡ್ಡ ಬಿದ್ದ ಮರವನ್ನು ಒಂದೇ ಸಲ ದಾಟಿಬಿಡುವುದು ಬೇಡ. ಮೊದಲು ಮರದ ಮೇಲೆ ಕಾಲಿಟ್ಟು, ಆಚೆ ಬದಿ ನೋಡಿ, ಆಮೇಲೆ ಇಳಿಯಿರಿ. ಕಿವಿಗೆ ಇಯರ್‌ಫೋನ್ ಬೇಡ. ಬಾಲದ ಸದ್ದು ಒಣಗಿದ ಗಿಲಿಗಿಚ್ಚಿ ಕಾಯಿ ಅಲ್ಲಾಡಿಸಿದಂತಿರುತ್ತದೆ. ಕೇಳಿಸಿದರೆ ನಿಂತಲ್ಲೇ ನಿಂತು ಅದು ಎಲ್ಲಿದೆ ಎಂದು ಮೊದಲು ಕಣ್ಣಿಂದ ಹುಡುಕಿ. ಕಂಡ ಮೇಲೆ ಹಿಂದೆ ಸರಿಯಿರಿ. ಅದು ತನ್ನ ಉದ್ದದ ಅರ್ಧದಷ್ಟು ದೂರ ಚಿಮ್ಮಬಲ್ಲದು, ನೀವು ಎಂಟು ಹತ್ತು ಅಡಿ ದೂರವಿದ್ದರೆ ಸಾಕು. ಎಲ್ಲ ಸಲವೂ ಸದ್ದು ಮಾಡುತ್ತದೆ ಎಂದು ಮಾತ್ರ ನಂಬಬೇಡಿ. ಚಳಿಯ ಬೆಳಿಗ್ಗೆ ಮರಗಟ್ಟಿ ಕೂತ ಹಾವು ಸುಮ್ಮನೆಯೂ ಇರುತ್ತದೆ.

ಕಚ್ಚಿದರೆ: ದೂರ ಸರಿದು ಕೂರಿಸಿ, ಬಳೆ, ಉಂಗುರ, ಗಡಿಯಾರ, ಕಾಲುಂಗುರ ತಕ್ಷಣ ತೆಗೆಯಿರಿ. ಊತ ಬೇಗ ಏರುತ್ತದೆ, ಆಮೇಲೆ ಅವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು ಯಾವುದೂ ಬೇಡ. ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ, ವೈದ್ಯರಿಗೆ ಅದರಿಂದ ತುಂಬ ಉಪಯೋಗ. ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಕಮರಿಯೊಳಗೆ ಸಿಗ್ನಲ್ ಸಿಗದಿರಬಹುದು, ಹಾಗಾಗಿ ಗುಂಪಿನಲ್ಲಿ ಮೂವರಾದರೂ ಇರುವುದು ಒಳ್ಳೆಯದು. ಒಬ್ಬರು ಜೊತೆಗಿರಬೇಕು, ಒಬ್ಬರು ರಸ್ತೆಗೆ ಓಡಬೇಕು. ಇನ್ನೊಂದು ಮಾತು, ಅಲ್ಲಿ ಪ್ರತಿವಿಷದ ಖರ್ಚು ಸಾವಿರಾರು ಡಾಲರ್. ಪ್ರಯಾಣ ವಿಮೆ ಇಲ್ಲದೆ ಯಾವ ಚಾರಣಕ್ಕೂ ಹೋಗಬೇಡಿ. ಪಾಲಿಸಿಯಲ್ಲಿ ಚಾರಣವನ್ನು ಹೊರಗಿಟ್ಟಿದ್ದಾರೆಯೇ ಎಂದು ಇಲ್ಲಿಂದ ಹೊರಡುವ ಮೊದಲೇ ಓದಿ.

ಪ್ರಶ್ನೆ: ಉಣ್ಣೆ ಕಚ್ಚಿ ಜ್ವರ ಬರುತ್ತದೆಯೇ, ನಮ್ಮ ಮಲೆನಾಡಿನ ಹಾಗೆ? (ಬಸವೇಶ್ವರನಗರದ ಓದುಗರು)

ಉತ್ತರ: ಕಾಯಿಲೆ ಬೇರೆ, ಎಚ್ಚರಿಕೆ ಒಂದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ವೈರಸ್‌ನಿಂದ ಬರುವಂಥದ್ದು, ಅದು ಅಲ್ಲಿಲ್ಲ. ಅಲ್ಲಿರುವ ಉಣ್ಣೆಯಿಂದ ರಾಕಿ ಮೌಂಟನ್ ಸ್ಪಾಟೆಡ್ ಫೀವರ್ ಎಂಬ, ಬ್ಯಾಕ್ಟೀರಿಯಾದ ಜ್ವರ ಬರಬಹುದು. ಅಪರೂಪ, ಆದರೆ ತಡಮಾಡಿದರೆ ಜೀವಕ್ಕೇ ಕುತ್ತು. ಹಿಮ ಕರಗಿದಾಗಿನಿಂದ ಜೂನ್‌ವರೆಗೆ ಇವು ಹುಲ್ಲಿನ, ಪೊದೆಯ ತುದಿಯಲ್ಲಿ ಮುಂಗಾಲು ಚಾಚಿ ಕಾದಿರುತ್ತವೆ. ಮೈ ತಾಗಿಸಿಕೊಂಡು ಹೋದವರ ಬಟ್ಟೆ ಹಿಡಿದು ಮೇಲಕ್ಕೆ ಹತ್ತುತ್ತವೆ.

ತಿಳಿ ಬಣ್ಣದ ಪ್ಯಾಂಟ್ ಹಾಕಿ, ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಕಾರಿಗೆ ಹತ್ತುವ ಮೊದಲು ಒಮ್ಮೆ, ಮನೆಗೆ ಬಂದು ಸ್ನಾನದ ಹೊತ್ತಿಗೆ ಇನ್ನೊಮ್ಮೆ ಮೈ ನೋಡಿಕೊಳ್ಳಿ: ಮಂಡಿಯ ಹಿಂದೆ, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ, ನೆತ್ತಿ. ಉದ್ದ ಜಡೆಯವರು ಜಡೆ ಬಿಚ್ಚಿ ಬೇರೆಯವರಿಂದ ನೋಡಿಸಿಕೊಳ್ಳಬೇಕು. ಕಚ್ಚಿಕೊಂಡಿದ್ದರೆ ಸಣ್ಣ ಮೂತಿಯ ಚಿಮುಟದಿಂದ ಚರ್ಮಕ್ಕೆ ಅಂಟಿದಲ್ಲೇ ಹಿಡಿದು, ತಿರುಚದೆ, ನೇರವಾಗಿ ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿಯ ಉಪಾಯ ಬೇಡ. ಕೆರಳಿದ ಉಣ್ಣೆ ಇನ್ನಷ್ಟು ಜೊಲ್ಲನ್ನು ಗಾಯದೊಳಗೆ ಬಿಡುತ್ತದೆ. ಎರಡು ವಾರದೊಳಗೆ ಜ್ವರ, ತಲೆನೋವು, ಕೆಂಪು ಚುಕ್ಕೆ ಕಂಡರೆ ವೈದ್ಯರಿಗೆ ಉಣ್ಣೆಯ ವಿಷಯ ಹೇಳಿ. ಅಷ್ಟರಲ್ಲಿ ಬೆಂಗಳೂರಿಗೆ ಮರಳಿದ್ದರೆ, ಎಲ್ಲಿ ಯಾವಾಗ ನಡೆದಿರಿ ಎಂಬುದನ್ನೂ ನೀವೇ ಹೇಳಬೇಕು, ಇಲ್ಲದಿದ್ದರೆ ಡೆಂಗಿ ಪರೀಕ್ಷೆಯಲ್ಲೇ ದಿನ ಕಳೆಯುತ್ತದೆ.

ಪ್ರಶ್ನೆ: ಯಾವ ಪ್ರಾಣಿ, ಹಕ್ಕಿ ಕಾಣಬಹುದು? ದುರ್ಬೀನು ತೆಗೆದುಕೊಂಡು ಹೋಗಲೇ? (ಬನಶಂಕರಿಯ ಓದುಗರು)

ಉತ್ತರ: ತೆಗೆದುಕೊಂಡು ಹೋಗಿ, 8×42 ಅಳತೆಯದು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು. ಹತ್ತು ಪಟ್ಟಿನದರಲ್ಲಿ ಕೈಯ ನಡುಕವೂ ಹೆಚ್ಚಾಗಿ ಕಾಣುತ್ತದೆ.

ಬಿಗ್‌ಹಾರ್ನ್ ಎಂಬ ಕಾಡುಕುರಿಗಾಗಿ ಬಂಡೆಗೋಡೆಯ ಮಧ್ಯಭಾಗ ನೋಡಿ, ನೆತ್ತಿಯನ್ನಲ್ಲ. ಮೈಬಣ್ಣ ಕಲ್ಲಿನಲ್ಲಿ ಕರಗಿಹೋಗುತ್ತದೆ. ಮೊದಲು ಕಾಣುವುದು ಹಿಂಭಾಗದ ಬಿಳಿ ಮಚ್ಚೆ. ಏಪ್ರಿಲ್ ಕೊನೆಯಿಂದ ಮರಿ ಹಾಕುವ ಕಾಲ, ತಾಯಂದಿರು ಕಡಿದಾದ ಜಾಗಕ್ಕೆ ಸರಿದಿರುತ್ತಾರೆ. ಕೈ ನೀಟಾಗಿ ಚಾಚಿ ಹೆಬ್ಬೆರಳು ಎತ್ತಿ ಒಂದು ಕಣ್ಣು ಮುಚ್ಚಿ ನೋಡಿ. ಹೆಬ್ಬೆರಳು ಇಡೀ ಪ್ರಾಣಿಯನ್ನು ಮರೆಮಾಡಿದರೆ ನೀವು ಸಾಕಷ್ಟು ದೂರದಲ್ಲಿದ್ದೀರಿ. ಮೇಯುತ್ತಿದ್ದದ್ದು ತಲೆಯೆತ್ತಿ ನಿಮ್ಮನ್ನೇ ನೋಡುತ್ತಾ ನಿಂತರೆ ಅಲ್ಲಿಗೇ ನಿಲ್ಲಿ, ಬಾಣಂತಿಗೆ ಓಡುವ ಶ್ರಮ ಕೊಡಬಾರದು.

ಕಲ್ಲು ರಾಶಿಯಲ್ಲಿ ಸಿಳ್ಳೆ ಕೇಳಿಸಿದರೆ ಅದು ಹಳದಿ ಹೊಟ್ಟೆಯ ಮಾರ್ಮೊಟ್, ದಪ್ಪ ಅಳಿಲಿನಂಥದ್ದು. ಬೇಲಿಗೂಟದ ಮೇಲೆ ಕೂತು ಕೊಳಲಿನಂತೆ ಹಾಡುವ, ಹಳದಿ ಎದೆಯ ಮೇಲೆ ಕರಿ ಪಟ್ಟಿಯ ಹಕ್ಕಿ ಮೆಡೋಲಾರ್ಕ್. ಮೇಲಿನ ಸ್ವರದಿಂದ ಒಂದೊಂದೇ ಮೆಟ್ಟಿಲಿಳಿದಂತೆ ಕೆಳಗೆ ಬರುವ ಸಿಳ್ಳೆ ಕಮರಿಯಲ್ಲಿ ಅನುರಣಿಸಿದರೆ ಅದು ಕ್ಯಾನ್ಯನ್ ರೆನ್. ಹಕ್ಕಿ ಗುಬ್ಬಚ್ಚಿಗಿಂತ ಚಿಕ್ಕದು, ಕಾಣುವುದು ಕಷ್ಟ, ಕೇಳಿದರೂ ಭಾಗ್ಯವೇ.

ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕಾದದ್ದು ಒಂದಿದೆ. ಬೆಳದಿಂಗಳು ಕುಡಿದು ಬದುಕುತ್ತದೆ ಎಂದು ನಮ್ಮ ಕವಿಗಳು ಹಾಡಿದ ಚಕೋರ ಅಲ್ಲಿದೆ. ಅಲ್ಲಿನವರು ಚುಕರ್ ಎನ್ನುತ್ತಾರೆ, ಹೆಸರು ನಮ್ಮ ಚಕೋರದಿಂದಲೇ ಬಂದದ್ದು. ಹಿಮಾಲಯದ ಒಣ ಇಳಿಜಾರಿನ ಈ ಹಕ್ಕಿಯನ್ನು ಬೇಟೆಗೆಂದು ಅಲ್ಲಿಗೆ ಒಯ್ದು ಬಿಟ್ಟಿದ್ದರು, ಒಗ್ಗಿಕೊಂಡಿತು. ಕರ್ನಾಟಕದಲ್ಲಿ ಅದು ಇಲ್ಲ. ನಮ್ಮ ಗೌಜಲಹಕ್ಕಿಗಿಂತ ಸ್ವಲ್ಪ ದೊಡ್ಡದು, ಕೆಂಪು ಕೊಕ್ಕು, ಕಣ್ಣಿನ ಮೇಲಿಂದ ಕತ್ತಿನವರೆಗೆ ಕಾಡಿಗೆ ಎಳೆದಂಥ ಗೆರೆ, ಪಕ್ಕೆಯಲ್ಲಿ ಕರಿ ಪಟ್ಟೆ. ಬೆಳಿಗ್ಗೆ ಕಲ್ಲಿನ ನೆತ್ತಿಯಿಂದ ‘ಚುಕ್ ಚುಕ್ ಚುಕರ್’ ಎಂದು ಕೂಗುತ್ತದೆ.

ಹೂವುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಾಲ್ಸಮ್‌ರೂಟ್, ಇಳಿಜಾರೆಲ್ಲ ಹಳದಿ ಮಾಡುವ ಸೂರ್ಯಕಾಂತಿಯ ನಂಟ. ನೆಲಕ್ಕಂಟಿದ ಫ್ಲಾಕ್ಸ್, ನೇರಳೆ ಲ್ಯುಪಿನ್ ಜೊತೆಗಿರುತ್ತವೆ. ಫೋಟೊಗೆಂದು ದಾರಿ ಬಿಟ್ಟು ಇಳಿಯಬೇಡಿ. ಪೊದೆಗಳ ನಡುವೆ ಬರಿ ಮಣ್ಣಿನಂತೆ ಕಾಣುವ ಕಪ್ಪು ಹೆಕ್ಕಳಿಕೆ ಬರಿ ಮಣ್ಣಲ್ಲ. ಪಾಚಿ, ಕಲ್ಲುಹೂವು, ಸೂಕ್ಷ್ಮಜೀವಿಗಳು ಹೆಣೆದುಕೊಂಡು ಮಣ್ಣನ್ನು ಗಾಳಿಗೆ ಹಾರದಂತೆ ಹಿಡಿದಿಟ್ಟಿರುವ ಜೀವಂತ ಪದರ. ಒಂದು ಬೂಟಿನ ಗುರುತು ಮಾಯಲು ಹತ್ತಾರು ವರ್ಷ ಬೇಕು.

ಪ್ರಶ್ನೆ: ಮಂಡಿನೋವಿದೆ. ತಯಾರಿ ಹೇಗೆ? ಸೀರೆಯಲ್ಲಿ ನಡೆಯಬಹುದೇ? (ರಾಜಾಜಿನಗರದ ಓದುಗರು)

ಉತ್ತರ: ಸೀರೆ, ದುಪಟ್ಟಾ ಆ ದಿನ ಬೇಡ. ಕುರುಚಲು ಕೊಂಬೆಗೆ ಸಿಕ್ಕಿ ಆಯ ತಪ್ಪುತ್ತದೆ. ಸಡಿಲ ಪ್ಯಾಂಟ್, ಉದ್ದ ತೋಳಿನ ಕುರ್ತಾ ಸಾಕು. ಚೀಟ್‌ಗ್ರಾಸ್ ಎಂಬ ಹುಲ್ಲಿನ ಊಬು ಕಾಲುಚೀಲ ತೂರಿ ಚುಚ್ಚುವುದರಿಂದ ನುಣುಪು ಹೆಣಿಗೆಯ ಕಾಲುಚೀಲ ಹಾಕಿ.

ಆರು ವಾರ ಮುಂಚೆ ಶುರು ಮಾಡಿ. ವಾರಕ್ಕೆ ಮೂರು ದಿನ ಲಾಲ್‌ಬಾಗ್ ಬಂಡೆ ಹತ್ತಿ ಇಳಿಯಿರಿ, ಮೊದಲ ವಾರ ಎರಡು ಸಲ, ಕೊನೆಗೆ ಐದು ಸಲ. ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗ, ಆದ್ದರಿಂದ ಸಣ್ಣ ಹೆಜ್ಜೆ, ಮಂಡಿ ಸ್ವಲ್ಪ ಬಾಗಿರಲಿ. ಒಂದು ವ್ಯತ್ಯಾಸ ಗಮನಿಸಿ. ನಮ್ಮ ಬಂಡೆ ಒಂದೇ ಅಖಂಡ, ಪಾದ ಕಚ್ಚಿ ನಿಲ್ಲುತ್ತದೆ. ಅಲ್ಲಿನದು ವಿಜಯಪುರ, ಬೆಳಗಾವಿ ಕಡೆಯ ಹಾಗೆ ಲಾವಾದ ಕರಿಕಲ್ಲು. ಒಡೆದು ರಾಶಿ ಬೀಳುತ್ತದೆ, ಕಾಲಿಟ್ಟರೆ ಉರುಳುತ್ತದೆ. ಅದಕ್ಕೆ ಕಣಕಾಲು ಹಿಡಿಯುವ ಶೂ, ಎರಡು ಊರುಗೋಲು ಬೇಕು. ಊರುಗೋಲನ್ನು ಚೆಕ್-ಇನ್ ಚೀಲದಲ್ಲೇ ಹಾಕಿ. ಹೊಸ ಶೂ ಆದರೆ ಇಲ್ಲೇ ನಲವತ್ತು ಕಿಲೋಮೀಟರ್ ನಡೆದು ಪಳಗಿಸಿ.

ಪ್ರಶ್ನೆ: ಬುತ್ತಿಗೆ ಏನು ಒಯ್ಯುವುದು? (ಹನುಮಂತನಗರದ ಓದುಗರು)

ಉತ್ತರ: ಪುಳಿಯೋಗರೆ, ಚಪಾತಿಗೆ ಚಟ್ನಿಪುಡಿ, ಹುರಿದ ಶೇಂಗಾ. ಮೊಸರನ್ನ ಬಿಸಿಲಿಗೆ ಹುಳಿಯುತ್ತದೆ. ಬಾಳೆ, ಕಿತ್ತಳೆ ಸಿಪ್ಪೆಯನ್ನು ‘ಕೊಳೆಯುತ್ತದೆ ಬಿಡಿ’ ಎಂದು ಎಸೆಯಬೇಡಿ. ಅಷ್ಟು ಒಣ ನೆಲದಲ್ಲಿ ಅದು ಬೇಗ ಕೊಳೆಯುವುದಿಲ್ಲ. ಕೈ ಒರೆಸಲು ಎಲೆ ಕೀಳುವ ಅಭ್ಯಾಸವೂ ಬೇಡ. ತೊರೆಯ ಪಕ್ಕ ಮೂರೆಲೆಯ ಪಾಯ್ಸನ್ ಐವಿ ಇರಬಹುದು, ತಾಗಿದರೆ ದದ್ದು ಏಳುತ್ತದೆ. ಮುಟ್ಟಿದ ಅನುಮಾನ ಬಂದರೆ ಬೇಗ ಸೋಪು ಹಚ್ಚಿ ತೊಳೆಯಿರಿ.

ಪ್ರಶ್ನೆ: ನಾವು ಎಲ್ಲಿಗೂ ಹೋಗುವವರಲ್ಲ. ಬೆಂಗಳೂರಿನ ಹತ್ತಿರ ಇಂಥ ನಡಿಗೆ ಇದೆಯೇ? (ಯಲಹಂಕದ ಓದುಗರು)

ಉತ್ತರ: ಸೇಜ್‌ಬ್ರಷ್ ಇಲ್ಲ, ಆದರೆ ಕುರುಚಲು ಕಾಡು, ಬಂಡೆಗೋಡೆ, ಅದರಲ್ಲಿ ಗೂಡು ಕಟ್ಟುವ ಹಕ್ಕಿ ಎಲ್ಲವೂ 50 ಕಿ.ಮೀ. ದೂರದ ರಾಮನಗರದಲ್ಲಿವೆ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಉದ್ದಕೊಕ್ಕಿನ ರಣಹದ್ದು ಬಂಡೆಯ ಚಾಚಿನಲ್ಲಿ ಮರಿ ಮಾಡುತ್ತದೆ. ಚಾಚಿನ ಕೆಳಗೆ ಸುಣ್ಣ ಸುರಿದಂತೆ ಇಳಿದ ಬಿಳಿ ಹಿಕ್ಕೆಯ ಗುರುತು ಹುಡುಕಿದರೆ ಜಾಗ ಸಿಗುತ್ತದೆ. ಹಳದಿ ಕತ್ತಿನ ಪಿಕಳಾರ ಇಂಥ ಬಂಡೆಗುಡ್ಡಗಳನ್ನು ಬಿಟ್ಟು ಬೇರೆ ಕಡೆ ಸಿಗುವುದು ಅಪರೂಪ. ಮೆಟ್ಟಿಲು ಬಿಟ್ಟು ಪೊದೆಗೆ ನುಗ್ಗಬೇಡಿ, ಕರಡಿಗಳಿವೆ. ಬೆಳಕು ಹರಿದ ಮೇಲೆ ಹತ್ತಿ, ಸಂಜೆ ಐದಕ್ಕೆಲ್ಲ ಇಳಿದುಬಿಡಿ.

ನಮ್ಮ ವಸಂತ ಬೇಗ ಬರುತ್ತದೆ. ಫೆಬ್ರುವರಿ ಕೊನೆಗೆ ಮುತ್ತುಗ ಹೂಬಿಡುವ ಹೊತ್ತು ಚೆನ್ನ. ಏಪ್ರಿಲ್‌ನಲ್ಲಿ ಹೋಗುವುದಾದರೆ ಏಳಕ್ಕೆ ಹತ್ತಿ ಹತ್ತರೊಳಗೆ ಕೆಳಗಿರಿ, ಆಮೇಲೆ ಬಂಡೆ ಕಾದ ಹಂಚಾಗುತ್ತದೆ. ನಿಮ್ಮ ಯಲಹಂಕಕ್ಕೆ ಇನ್ನೂ ಹತ್ತಿರ ಬೇಕೆಂದರೆ ಹೆಸರಘಟ್ಟದ ಹುಲ್ಲುಗಾವಲಿದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ದೂರದೇಶದ ಹ್ಯಾರಿಯರ್ ಗಿಡುಗಗಳು ಹುಲ್ಲಿನ ಮೇಲೆ ತೇಲುವುದನ್ನು ರಸ್ತೆಯಂಚಿನಿಂದಲೇ ನೋಡಬಹುದು. ಕಾರನ್ನು ಹುಲ್ಲಿನೊಳಗೆ ಇಳಿಸಬೇಡಿ, ನೆಲಗೂಡಿನ ಹಕ್ಕಿಗಳ ಮೊಟ್ಟೆ ಚಕ್ರದಡಿಗೆ ಹೋಗುತ್ತದೆ. ಇನ್ನು ಅರಣ್ಯ ಇಲಾಖೆಯ ಬೆಟ್ಟದ ದಾರಿಗಳಿಗೆ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಕಾರಣ ಪ್ರವೇಶ ನಿಲ್ಲಿಸುವುದುಂಟು. ಟಿಕೆಟ್ ಕಾಯ್ದಿರಿಸುವಾಗ ಆ ದಿನ ತೆರೆದಿದೆಯೇ ಎಂದು ನೋಡಿಕೊಂಡೇ ಮನೆ ಬಿಡಿ.